ಮಾಸ್ತರರು ಮತ್ತು ಸಂಗಡಿಗರು

ಕಲೆಯ ವ್ಯವಹಾರದ ಬಗ್ಗೆ ಬರೆಯುವವನಿಗೆ ಕಲಾವಿದರಿಗಿಂತ ಶಾಮಿಯಾನದವರ ಪರಿಚಯವೇ ಜಾಸ್ತಿ. ಯಾವ ಉತ್ಸವದ ಮೈಕು ಯಾರ ಪಾಲಾಯಿತು, ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ನಡೆಯುವ ಜಾನಪದ ಸಂಜೆಗೆ ಯಾವ ಮೇಳ ಬರಬೇಕೆಂದು ಯಾರು ತೀರ್ಮಾನಿಸುತ್ತಾರೆ, ಅನುದಾನದ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿರುತ್ತದೆ, ಇವೆಲ್ಲ ನನಗೆ ಬಾಯಿಪಾಠ. ಸೇಡಂನಲ್ಲಿ ಕೂತು ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಇಂಥ ಸುದ್ದಿಗಳನ್ನು ಬರೆಯುವ ನನಗೆ ಆಫೀಸಿನಲ್ಲಿ 'ಡೋಲಕ್ ವರದಿಗಾರ' ಎಂದು ಹೆಸರಿಟ್ಟಿದ್ದರು. ನನಗೂ ಅದು ಹಿಡಿಸುತ್ತಿತ್ತು. ಹಾಡು ಹೇಗಿತ್ತು ಅಂತ ಬರೆಯುವುದು ಬೇರೆಯವರ ಕೆಲಸ, ಹಾಡಿನ ಹಿಂದಿನ ಕಾರುಬಾರು ಬರೆಯುವುದು ನನ್ನ ಕೆಲಸ ಎಂಬ ಸೊಕ್ಕು ನನ್ನಲ್ಲಿ ಇತ್ತು.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಶಹಾಬಾದಿನಿಂದ ನಾಟಕದ ನಿವೃತ್ತ ನಟರೊಬ್ಬರು ಫೋನ್ ಮಾಡಿದರು. ಅವರ ಓಣಿಯಲ್ಲಿ ಜೀವಮಾನವೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಟ್ಟುಕೊಂಡಿದ್ದ ಒಬ್ಬ ಮನುಷ್ಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದಾನಂತೆ. ಅರ್ಜಿಯ ಜೊತೆಗೆ ನಮ್ಮ ಪೇಪರಿನದೇ ಹಳೆಯ ಕಟಿಂಗ್ ಇದೆಯಂತೆ, ಅದರಲ್ಲಿ ಅವನನ್ನು ತತ್ವಪದದ ಹಿರಿಯ ಗಾಯಕ ಎಂದು ಹೊಗಳಿದ್ದಾರಂತೆ. ನಟರಿಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು.

"ಆ ಮನಷ್ಯಾ ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನೋದು ಬಿಟ್ರ ಬ್ಯಾರೆ ಏನೂ ಹಾಡಿಲ್ರಿ. ನೀವು ಯಾವಾಗ ಕೇಳಿದ್ರಿ ಅವನ ಹಾಡು?" ಎಂದರು.

ಕಟಿಂಗ್ ಅಂದರೆ ಏನು ಅಂತ ಇಲ್ಲಿ ಹೇಳಬೇಕು. ಮುದಿ ಕಲಾವಿದರಿಗೆ ಸರಕಾರ ತಿಂಗಳಿಗಿಷ್ಟು ಅಂತ ಕೊಡುತ್ತದೆ. ಅದಕ್ಕೆ ವಯಸ್ಸು ಆಗಿರಬೇಕು, ಬಡತನ ಇರಬೇಕು, ಜೊತೆಗೆ ಬಹಳ ವರ್ಷ ಕಲಾಸೇವೆ ಮಾಡಿದ್ದಕ್ಕೆ ಸಬೂತು ಬೇಕು. ನಮ್ಮ ಕಡೆ ಬಯಲಲ್ಲಿ, ಮಠದ ಅಂಗಳದಲ್ಲಿ ಹಾಡುವವರಿಗೆ ಯಾರೂ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದಿಲ್ಲ, ಪ್ರಮಾಣಪತ್ರ ಕೊಡುವುದಿಲ್ಲ. ಹೀಗಾಗಿ ಕೊನೆಗೆ ಉಳಿಯುವುದು ಪೇಪರಿನಲ್ಲಿ ಬಂದ ನಾಲ್ಕು ಸಾಲು. ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಆಧಾರ್ ಕಾರ್ಡಿಗಿಂತ ಜೋಪಾನವಾಗಿ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಜಿಲ್ಲಾ ಕಚೇರಿಯಲ್ಲಿ ಈ ಅರ್ಜಿಗಳನ್ನು ನೋಡುವ ಗುಮಾಸ್ತರು ನನಗೆ ಪರಿಚಿತರು. ಫೈಲ್ ತೋರಿಸಲು ಬರುವುದಿಲ್ಲ, ಆದರೆ ತಾವು ಚಹಾಕ್ಕೆ ಹೋಗುವಾಗ ಫೈಲುಗಳು ಮೇಜಿನ ಮೇಲೇ ಇರುತ್ತವೆ ಎಂದರು. ಅವರ ಚಹಾ ಮುಗಿಯುವುದರೊಳಗೆ ನಾನು ನಮ್ಮ ಕಡೆಯ, ಕೈಗೆ ಸಿಕ್ಕಷ್ಟು ಅರ್ಜಿಗಳ ಕಟಿಂಗ್‌ಗಳ ಫೋಟೊ ತೆಗೆದುಕೊಂಡೆ. ಅರ್ಜಿಯ ಮೇಲಿನ ಹೆಸರು ನೋಡುತ್ತ ಕೂರಲು ಸಮಯವಿರಲಿಲ್ಲ, ಕಟಿಂಗ್‌ಗಳನ್ನು ಮಾತ್ರ ನೋಡಿದೆ. ಕಾಗದ ಹಳದಿಯಾಗಿತ್ತು, ಅಂಚು ಸವೆದಿತ್ತು, ಮೊದಲ ನೋಟಕ್ಕೆ ಯಾರೂ ಅನುಮಾನ ಪಡುವಂತಿರಲಿಲ್ಲ. ಆದರೆ ಗುಮಾಸ್ತರು ಮಾಡದಿದ್ದ ಒಂದು ಕೆಲಸ ನಾನು ಮಾಡಿದೆ, ಅವನ್ನು ತಿರುಗಿಸಿ ನೋಡಿದೆ. ಬೇರೆ ಬೇರೆ ವರ್ಷದ್ದು ಎಂದಿದ್ದ ಏಳೆಂಟು ಕಟಿಂಗ್‌ಗಳ ಬೆನ್ನಿಗೆ ತೊಗರಿ ಬೀಜದ ಒಂದೇ ಜಾಹೀರಾತಿನ ಒಂದೇ ತುಂಡು ಇತ್ತು.

ಮನೆಗೆ ಬಂದು ಫೋಟೊಗಳನ್ನು ದೊಡ್ಡದು ಮಾಡಿ ಓದಿದೆ. ಒಂದರಲ್ಲಿ 'ಕಾಳಗಿ ತಾಲ್ಲೂಕಿನ' ಎಂದಿತ್ತು. ಇನ್ನೊಂದರಲ್ಲೂ ಇತ್ತು. ಕಟಿಂಗ್ ಮೇಲಿನ ತಾರೀಖಿನ ಕಾಲಕ್ಕೆ ಕಾಳಗಿ ತಾಲ್ಲೂಕೇ ಆಗಿರಲಿಲ್ಲ, ಚಿತ್ತಾಪುರ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಜಿಲ್ಲೆಯ ಹೆಸರನ್ನೂ 'ಕಲಬುರಗಿ' ಎಂದೇ ಹಾಕಿದ್ದರು. ಆಗ ನಾವು ಪೇಪರಿನಲ್ಲಿ ಬರೆಯುತ್ತಿದ್ದದ್ದು ಗುಲ್ಬರ್ಗ. ಹೊಸ ಹೆಸರಿಗೆ ಕೈ ಒಗ್ಗಿದ ಮೇಲೆ ಹಳೆಯದು ಮರೆತುಹೋಗುತ್ತದೆ. ಕಳ್ಳತನಕ್ಕೆ ಕೂತವನು ಕಾಗದವನ್ನು ಹಳೆಯದು ಮಾಡಿದ್ದ, ಊರಿನ ಹೆಸರು ಹಳೆಯದು ಮಾಡುವುದನ್ನು ಮರೆತಿದ್ದ. ನನಗಾದ ಖುಷಿ ಹೇಳತೀರದು.

ಖುಷಿಯೊಂದೇ ಸಾಲದು, ಪಕ್ಕಾ ಆಗಬೇಕಲ್ಲ. ನಮ್ಮ ಪೇಪರಿನ ಹಳೆಯ ಸಂಚಿಕೆಗಳನ್ನು ರಟ್ಟು ಕಟ್ಟಿ ಇಟ್ಟಿರುವ ಕೋಣೆಯಲ್ಲಿ ಮೂರು ದಿನ ಕೂತೆ. ಒಂದೊಂದು ಕಟಿಂಗ್‌ನ ತಾರೀಖು ಹಿಡಿದು ಆ ದಿನದ ಸಂಚಿಕೆ ತೆಗೆದು, ಪುಟ ಪುಟ ನೋಡಿ, ಅಲ್ಲಿ ಆ ಸುದ್ದಿ ಇಲ್ಲವೆಂದು ಗುರುತು ಹಾಕಿಕೊಳ್ಳುವುದು. ಒಂದು ವರ್ಷದ ಸಂಚಿಕೆಗಳ ಕಟ್ಟು ಛಾವಣಿ ಸೋರಿ ಅಂಟಿಕೊಂಡು ಹಲಗೆಯಂತೆ ಗಟ್ಟಿಯಾಗಿತ್ತು, ಆ ವರ್ಷದ ಎರಡು ಕಟಿಂಗ್‌ಗಳನ್ನು ಕೈಬಿಡಬೇಕಾಯಿತು. ಧೂಳಿಗೆ ಸೀನಿ ಸೀನಿ ಕಣ್ಣು ಕೆಂಪಾಗಿತ್ತು.

ಹುಡುಕುವಾಗ ನನ್ನವೇ ಹಳೆಯ ವರದಿಗಳು ಕಣ್ಣಿಗೆ ಬಿದ್ದವು. ಆಗ ಕೈಯಲ್ಲಿ ಬರೆದು, ಕವರಿನಲ್ಲಿ ಹಾಕಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಡೆಸ್ಕಿನಲ್ಲಿ ಒಂದು ಪದ್ಧತಿ ಇತ್ತು. ಮೇಳಕ್ಕೆ ಒಂದೇ ಹೆಸರು, ಉಳಿದವರೆಲ್ಲ 'ಮತ್ತು ಸಂಗಡಿಗರು'. ಆರು ಹೆಸರು ಬರೆದು ಕಳಿಸಿದರೆ ಐದು ಹೊಡೆದು ಹಾಕುತ್ತಿದ್ದರು. ಎರಡು ಸಲ ಹಾಗಾದ ಮೇಲೆ ನಾನೇ ಜಾಣನಾದೆ, ಉಳಿದವರ ಹೆಸರು ಕೇಳುವುದನ್ನೇ ಬಿಟ್ಟೆ. ಆ ಮೂರು ದಿನಗಳಲ್ಲಿ ಚಿತ್ತಾಪುರದ ಮೇಳದ ಬಗ್ಗೆ 'ಮಾಸ್ತರರು ಮತ್ತು ಸಂಗಡಿಗರಿಂದ ತತ್ವಪದ ಗಾಯನ' ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಓದಿ ಪುಟ ತಿರುವಿದೆ, ಅಷ್ಟೆ.

ಕಟಿಂಗ್ ತಯಾರಾಗುತ್ತಿದ್ದದ್ದು ವಾಡಿಯಲ್ಲಿ, ಸ್ಟೇಷನ್ ಹತ್ತಿರದ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ಎಂದು ಶಹಾಬಾದಿನ ನಟರೇ ಪತ್ತೆ ಹಚ್ಚಿ ಹೇಳಿದರು. ಮದುವೆ ಕಾರ್ಡು, ಅಡ್ಡಪಲ್ಲಕ್ಕಿಯ ಪಾಂಪ್ಲೆಟ್ಟು, ಶ್ರದ್ಧಾಂಜಲಿ ಬ್ಯಾನರ್ ಮಾಡುವ ಅಂಗಡಿ. ಅಂಗಡಿಯವನು ನಲವತ್ತರ ಆಸುಪಾಸಿನ ಮನುಷ್ಯ. ಮೊದಲು ಏನೂ ಗೊತ್ತಿಲ್ಲ ಎಂದ. ಫೋಟೊ ತೋರಿಸಿದ ಮೇಲೆ ಶಟರ್ ಅರ್ಧ ಎಳೆದು ಕೂತ. ಪ್ರೆಸ್ಸಿನಲ್ಲಿ ಉಳಿದ ಕೋರಾ ನ್ಯೂಸ್‌ಪ್ರಿಂಟ್ ತಂದು ಎರಡೂ ಬದಿಗೆ ಅಚ್ಚು ಹಾಕುತ್ತಿದ್ದನಂತೆ, ಮಂಕು ಬರಲೆಂದು ಚಹಾದ ನೀರಿನಲ್ಲಿ ಅದ್ದಿ ತೆಗೆದು ಇಸ್ತ್ರಿ ಹಾಕುತ್ತಿದ್ದನಂತೆ. ಇದನ್ನೆಲ್ಲ ಅಡುಗೆಯ ಬಗೆ ಹೇಳುವವರ ಹಾಗೆ ಹೇಳಿದ.

ಮೈಕ್ ಸೆಟ್ಟಿನವನದು ತಪ್ಪಾಗಿದೆ ಎಂದು ಒಪ್ಪಿಕೊಂಡ. ಆದರೆ ಬಂದವರೆಲ್ಲ ಅಂಥವರಲ್ಲ ಎಂದ.

"ಖರೆ ಹಾಡೋರೂ ಬಂದಾರ್ರಿ ನನ್ನ ಹಂತ್ಯಾಕ. ಎಲ್ಲಿ ಹಾಡಿದ್ರಿ, ಏನ್ ಹಾಡಿದ್ರಿ ಅಂತ ತಾಸುಗಟ್ಲೆ ಕುಂತು ಕೇಳಿ ಬರದೀನಿ. ಅವ್ರ ಹೆಸರು ನಿಮ್ಮ ಪೇಪರಿನ್ಯಾಗ ಯಾಕ ಬಂದಿಲ್ಲ ಅನ್ನೋದು ನೀವೇ ಹೇಳ್ರಿ," ಎಂದ.

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು ಎದ್ದು ಬಂದೆ. ಯಾರ್ಯಾರಿಗೆ ಮಾಡಿಕೊಟ್ಟಿದ್ದಾನೆ, ಅವರಲ್ಲಿ ಖರೆ ಹಾಡುವವರು ಯಾರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

'ಹುಟ್ಟದ ತಾಲ್ಲೂಕಿನ ಸುದ್ದಿ' ಎಂಬ ತಲೆಬರಹದಲ್ಲಿ ನನ್ನ ವರದಿ ಜಿಲ್ಲಾ ಪುಟದ ಮೇಲ್ಗಡೆ ಬಂತು. ಅರ್ಜಿದಾರರ ಹೆಸರು ಹಾಕಿರಲಿಲ್ಲ, ಆದರೆ ನಕಲಿ ಹೇಗೆ ಗುರುತಿಸಬೇಕೆಂಬುದನ್ನು ಬಿಡಿಸಿ ಬಿಡಿಸಿ ಬರೆದಿದ್ದೆ. ಕಾಳಗಿ ತಾಲ್ಲೂಕು ಎಂದಿದ್ದರೆ ನೋಡಿ, ಕಲಬುರಗಿ ಎಂದಿದ್ದರೆ ನೋಡಿ, ಬೆನ್ನು ತಿರುಗಿಸಿ ನೋಡಿ. ಸಂಪಾದಕರು ತಾವಾಗಿ ಫೋನ್ ಮಾಡಿ ಶಾಬಾಸ್ ಅಂದರು. ವಾಡಿಯ ಅಂಗಡಿ ಬಾಗಿಲು ಹಾಕಿತು. ಕಚೇರಿಯವರು ನಮ್ಮ ಕಡೆಯ ಎಲ್ಲ ಅರ್ಜಿಗಳನ್ನೂ ಮತ್ತೆ ಪರಿಶೀಲನೆಗೆ ತೆಗೆದುಕೊಂಡರು. ಪರೀಕ್ಷೆಗೆ ನನ್ನ ವರದಿಯನ್ನೇ ಪಕ್ಕದಲ್ಲಿಟ್ಟುಕೊಂಡಿದ್ದರು.

ಹತ್ತು ದಿನದ ಮೇಲೆ ಅಲ್ಲಿಯ ಅಧಿಕಾರಿ ನನ್ನನ್ನು ಕರೆಸಿದರು. ಬಹುತೇಕ ಅರ್ಜಿಗಳು ವಜಾ ಆಗಿವೆ, ಒಂದರ ಬಗ್ಗೆ ಮಾತ್ರ ನಿಮ್ಮ ಮಾತು ಬೇಕು ಎಂದು ಒಂದು ಕಟಿಂಗ್ ಮುಂದಿಟ್ಟರು. ಅದರ ಮೇಲೆ ಬರೆದವನು ಎಂದು ನನ್ನ ಹೆಸರಿತ್ತು. ಬೈಲೈನ್.

ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಇದೊಂದು ಬಿಟ್ಟುಹೋಗಿತ್ತು. ಈಗ ಓದಿದೆ. ಚಿಂಚೋಳಿಯ ಒಂದು ಮಠದ ಅಂಗಳದಲ್ಲಿ ಶ್ರಾವಣ ಸೋಮವಾರದ ಮಧ್ಯಾಹ್ನ ನಡೆದ ತತ್ವಪದ ಗಾಯನದ ವರದಿ. 'ಕಾಳಗಿ ತಾಲ್ಲೂಕಿನ' ಎಂದು ಶುರುವಾಗಿ ಒಬ್ಬ ಹಾಡುಗಾರ್ತಿಯ ಹೆಸರು, ಊರು, ಅವರ ತಾಯಿಯಿಂದ ಪದ ಕಲಿತದ್ದು, ಎಲ್ಲ ಇತ್ತು. ಮಾಸ್ತರರು ಹಾರ್ಮೋನಿಯಂ ಹಿಡಿದು ಮೊದಲ ಸಾಲು ಎತ್ತಿಕೊಟ್ಟರೂ ಪದವನ್ನು ದಡ ಮುಟ್ಟಿಸಿದ್ದು ಈಕೆಯ ಕಂಠ, ಜನ ಪ್ರಸಾದದ ಗಂಟೆ ಹೊಡೆದರೂ ಏಳಲಿಲ್ಲ ಎಂದಿತ್ತು.

ಆ ಕಾರ್ಯಕ್ರಮಕ್ಕೆ ನಾನು ಹೋಗಿದ್ದೆ. ಆ ದನಿ ನನಗೆ ನೆನಪಿತ್ತು. ಜನ ಏಳದೆ ಕೂತದ್ದೂ ನೆನಪಿತ್ತು. ಅವತ್ತು ನಾನು ಬರೆದು ಕಳಿಸಿದ್ದು ನಾಲ್ಕು ಸಾಲು, ಅದರಲ್ಲಿ ಎರಡು ಪೆಂಡಾಲು ಕೊಡಿಸಿದವರ ಬಗ್ಗೆ. ಒಂದು ಸಾಲು ಮಾಸ್ತರರು ಮತ್ತು ಸಂಗಡಿಗರು. ನಾನು ಬರೆಯಬೇಕಾಗಿದ್ದದ್ದನ್ನು ವಾಡಿಯ ಅಂಗಡಿಯವನು ನನ್ನ ಹೆಸರಿನಲ್ಲಿ ಬರೆದಿದ್ದ. ನನಗಿಂತ ಚೆನ್ನಾಗಿಯೇ ಬರೆದಿದ್ದ.

ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಈ ಹೆಣ್ಣುಮಗಳು ಕಾಳಗಿಯಿಂದ ಬಸ್ಸು ಹತ್ತಿ ಮೂರು ಸಲ ಬಂದಿದ್ದಾರೆ, ಕೂತು ಹಾಡಿಯೂ ತೋರಿಸಿದ್ದಾರೆ, ಕಚೇರಿಯವರೆಲ್ಲ ಕೆಲಸ ಬಿಟ್ಟು ಕೇಳಿದ್ದಾರೆ ಎಂದರು. ಆಕೆಗೆ ದುಡ್ಡಿಗಿಂತ ಆ ಆದೇಶದ ಕಾಗದ ಬೇಕಾಗಿತ್ತಂತೆ. ಗಂಡಸರ ಜೊತೆ ಊರೂರು ತಿರುಗಿ ಹಾಡಿದ್ದಕ್ಕೆ ಊರಿನಲ್ಲಿ ಇಂದಿಗೂ 'ಮೇಳದಾಕಿ' ಎಂದು ಬಾಯಿಗೆ ಬಂದಂತೆ ಆಡುತ್ತಾರೆ, ಮಗನ ಹೆಂಡತಿಯ ತವರಿನವರ ಮುಂದೆ ತಲೆ ಎತ್ತಲು ಆಗುವುದಿಲ್ಲ, ಸರಕಾರವೇ ಕಲಾವಿದೆ ಎಂದು ಬರೆದುಕೊಟ್ಟರೆ ಆ ಬಾಯಿಗಳು ಮುಚ್ಚುತ್ತವೆ ಎಂದಿದ್ದರಂತೆ. ಆಕೆಯ ಅರ್ಜಿಗೆ ಈ ಕಟಿಂಗ್ ಒಂದೇ ಸಬೂತು.

ಆಮೇಲೆ ಅಧಿಕಾರಿ ಕನ್ನಡಕ ತೆಗೆದಿಟ್ಟು ನಿಧಾನಕ್ಕೆ ಹೇಳಿದರು. "ಬರದವ್ರು ನೀವು. ನಾನೇ ಬರದದ್ದು ಅಂತ ಬರದುಕೊಟ್ರ ನಮಗ ತಕರಾರಿಲ್ಲ. ತಾಲ್ಲೂಕಿನ ಹೆಸರು ಅಚ್ಚಿನ ತಪ್ಪು ಅಂತ ಹಾಕ್ಕೋತೀವಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಅಂಥ ದಾರಿಯೊಂದನ್ನು ನನಗಾಗಿ ತೆರೆದಿಟ್ಟಿದ್ದರು. ನಾನು ಹೂಂ ಅಂದಿದ್ದರೆ ಸಾಕಾಗಿತ್ತು.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದೇನು ಎಂಬುದನ್ನು ಮುಚ್ಚಿಡುವುದಿಲ್ಲ. ಸತ್ಯ, ಧರ್ಮ, ಪತ್ರಿಕೋದ್ಯಮ ಯಾವುದೂ ಅಲ್ಲ. ನಕಲಿ ಕಟಿಂಗ್ ಬಯಲು ಮಾಡಿದವನ ಹೆಸರಿನಲ್ಲೇ ನಕಲಿ ಕಟಿಂಗ್ ಇತ್ತು, ಅವನು ಅದನ್ನು ತನ್ನದೆಂದು ಒಪ್ಪಿಕೊಂಡ ಎಂದು ನಾಳೆ ಯಾರಾದರೂ ಹಳೆಯ ಸಂಚಿಕೆಗಳ ಕಟ್ಟು ತೆಗೆದು ತೋರಿಸಿದರೆ ನನ್ನ ಗತಿಯೇನು ಎಂಬ ಹೆದರಿಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹೆದರಿಕೆ. ಸಂಪಾದಕರ ಶಾಬಾಸ್‌ಗಿರಿ ಇನ್ನೂ ಕಿವಿಯಲ್ಲಿತ್ತು.

ಇದು ನಾನು ಬರೆದದ್ದಲ್ಲ ಎಂದೆ. ಬರೆದುಕೊಡಿ ಎಂದರು. ಬರೆದು ದಸ್ತಖತ್ ಮಾಡಿದೆ. ನಾನು ಬರೆದದ್ದೆಲ್ಲ ನಿಜವೇ. ಅಧಿಕಾರಿ ಕಟಿಂಗ್ ವಾಪಸ್ ತೆಗೆದುಕೊಂಡು, ಆಯ್ತು ಬಿಡ್ರಿ ಎಂದು ಇನ್ನೊಂದು ಫೈಲು ತೆರೆದರು.

ಸೇಡಂಗೆ ಬರುವ ಬಸ್ಸಿನಲ್ಲಿ ಇನ್ನೊಂದು ದಾರಿ ಹೊಳೆಯಿತು. ಮೇಳದ ಮುಖ್ಯಸ್ಥರು ಈಕೆ ನಮ್ಮ ಮೇಳದಲ್ಲಿ ಇಷ್ಟು ವರ್ಷ ಹಾಡಿದ್ದಾರೆ ಎಂದು ಬರೆದುಕೊಟ್ಟರೆ ಅದೂ ಸಬೂತಾಗುತ್ತದೆ, ವಜಾ ಆದೇಶ ಹೊರಡಲು ಇನ್ನೂ ಒಂದು ವಾರವಿದೆ ಎಂದು ಗುಮಾಸ್ತರು ಹೇಳಿದ್ದರು. ಮರುದಿನವೇ ಚಿತ್ತಾಪುರಕ್ಕೆ, ಮಾಸ್ತರರ ಮನೆಗೆ ಹೋದೆ.

ಮಾಸ್ತರರು ನನ್ನನ್ನು ನೋಡಿ ಬಹಳ ಸಂತೋಷಪಟ್ಟರು. ಚಹಾ, ಚುಡವಾ ತರಿಸಿದರು. ಅವರಿಗೆ ಮಾಸಾಶನ ಬಂದು ವರ್ಷಗಳಾಗಿದ್ದವು, ಪ್ರಶಸ್ತಿಯೂ ಬಂದಿತ್ತು. ಗೋಡೆಯ ಮೇಲೆ ಶಾಲು ಹೊದ್ದ ಫೋಟೊಗಳು. ಹಾಡುಗಾರ್ತಿಯ ಮಾತು ತೆಗೆದ ಕೂಡಲೇ ಚುಡವಾದ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಆಕಿ ಹಾಡಿಲ್ಲ ಅಂತ ನಾ ಎಲ್ಲಿ ಅಂದೀನ್ರಿ? ಹಿಂದ ದನಿ ಕೊಡ್ತಿದ್ಲು. ದನಿ ಕೊಡೋರು ಭಾಳ ಮಂದಿ ಇದ್ರು."

ಅಷ್ಟನ್ನೇ ಬರೆದುಕೊಡಿ ಎಂದೆ. ಆಗಲಿಕ್ಕಿಲ್ಲ ಎಂದರು. ಅವರ ಅರ್ಜಿಯಲ್ಲಿ ಅವರೇ ಮುಖ್ಯ ಗಾಯಕರು ಎಂದಿದೆ. ಈಗ ಮೇಳದಲ್ಲಿ ಇನ್ನೊಬ್ಬ ಗಾಯಕಿ ಇದ್ದಳೆಂದು ಅವರೇ ಬರೆದುಕೊಟ್ಟರೆ, ಈ ಪರಿಶೀಲನೆಯ ಗಾಳಿಯಲ್ಲಿ ತಮ್ಮ ಫೈಲನ್ನೂ ಯಾರಾದರೂ ತೆಗೆದರೆ? ಈ ಗಾಳಿ ಎಬ್ಬಿಸಿದವರು ನೀವೇ ಅಲ್ಲವೇ ಎಂದು ನಕ್ಕರು. ನಾನು ಸ್ವಲ್ಪ ದನಿ ಏರಿಸಿದೆ. ಪದ ದಡ ಮುಟ್ಟಿಸುತ್ತಿದ್ದದ್ದು ಆಕೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು ಎಂದೆ.

ಮಾಸ್ತರರು ಒಳಗೆ ಹೋಗಿ ದಪ್ಪನೆಯ ಒಂದು ಫೈಲು ತಂದು ನನ್ನ ತೊಡೆಯ ಮೇಲಿಟ್ಟರು. ನನ್ನ ಕಟಿಂಗ್‌ಗಳು. ಅಸಲಿ ಕಟಿಂಗ್‌ಗಳು, ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ.

"ನೋಡ್ರಿ. ಎಲ್ಲಾ ನೀವೇ ಬರದದ್ದು. ಎದರಾಗರೆ ಆಕಿ ಹೆಸರು ಅದ ಏನ್ರಿ? ನಾ ಈಗ ಬ್ಯಾರೆ ಹೇಳಿದ್ರ ಯಾರ ಮಾತು ಸುಳ್ಳಾಗ್ತದ, ನಂದೋ ನಿಮ್ದೋ?"

ನಾನು ಒಂದೊಂದೇ ಹಾಳೆ ತಿರುವಿದೆ. ತಿರುವುವ ಅಗತ್ಯವಿರಲಿಲ್ಲ, ಏನಿದೆಯೆಂದು ಗೊತ್ತಿತ್ತು. ಆ ಮನುಷ್ಯನ ಮೇಲೆ ಸಿಟ್ಟು ಬಂತು, ಹೇಸಿಗೆ ಬಂತು. ಆದರೆ ಅವರು ಆಡಿದ ಮಾತಿನಲ್ಲಿ ಒಂದೂ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಚಹಾ ಆರಿಹೋಗಿತ್ತು. ಹಾಗೇ ಬಿಟ್ಟು ಬಂದೆ.

ವಾರ ಕಳೆಯಿತು. ಆದೇಶ ಹೊರಟಿತು. ಸುಳ್ಳು ದಾಖಲೆ ಲಗತ್ತಿಸಿದ ಕಾರಣ ಅರ್ಜಿ ವಜಾ, ಅಂಥವರು ಮತ್ತೆ ಅರ್ಜಿ ಹಾಕುವಂತಿಲ್ಲ. ಮೈಕ್ ಸೆಟ್ಟಿನವನಿಗೂ ಅದೇ ಒಕ್ಕಣೆ, ಆಕೆಗೂ ಅದೇ ಒಕ್ಕಣೆ.

ಕಾಳಗಿಗೆ ಹೋದದ್ದು ಅದಾದ ಮೇಲೆ. ಮೊದಲೇ ಹೋಗಬೇಕಿತ್ತು, ಮುಖ ಇರಲಿಲ್ಲ. ಮನೆ ಹುಡುಕುವಾಗ ಒಬ್ಬ, ಮೇಳದಾಕಿ ಮನೀನಾ, ಎಂದು ನಕ್ಕು ದಾರಿ ತೋರಿಸಿದ. ಅವರು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದರು. ಬರ್ರಿ, ಕುಂದ್ರಿ ಎಂದು ನೀರು ಕೊಟ್ಟರು. ಚಿಂಚೋಳಿಯ ಮಠದಲ್ಲಿ ನೀವು ಮುಂದೆ ಕೂತಿದ್ದಿರಿ, ನಡುವೆ ಎದ್ದು ಹೋದಿರಿ ಎಂದರು. ಹೌದು, ಶಾಮಿಯಾನದವನನ್ನು ಮಾತಾಡಿಸಲು ಎದ್ದು ಹೋಗಿದ್ದೆ.

ನಡೆದದ್ದನ್ನೆಲ್ಲ ಹೇಳಿದೆ. ಇದು ನನ್ನದಲ್ಲ ಎಂದು ಬರೆದುಕೊಟ್ಟದ್ದನ್ನೂ ಬಿಡದೆ ಹೇಳಿದೆ. ಅವರು ಬೇಳೆಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿ, ಆ ಕಟಿಂಗ್‌ನಲ್ಲಿ ಏನಿದೆ ಒಂದು ಸಲ ಓದಿ ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ವಾಡಿಯ ಅಂಗಡಿಯವನು ಓದಿ ಹೇಳಿರಲಿಲ್ಲವೇ ಎಂದು ಕೇಳಿದೆ. ಹೇಳಿದ್ದ, ಆದರೆ ಬರೆದವರ ಬಾಯಿಂದ ಕೇಳಬೇಕು ಎಂದರು. ಬರೆದವನು ನಾನಲ್ಲ ಎಂದು ಮತ್ತೆ ಹೇಳದೆ, ಕಚೇರಿಯಲ್ಲಿ ಕೊಟ್ಟಿದ್ದ ಝರಾಕ್ಸ್ ಪ್ರತಿ ತೆಗೆದು ಮೊದಲಿಂದ ಕೊನೆಯ ತನಕ ಓದಿದೆ.

"ಇದರಾಗ ಸುಳ್ಳು ಯಾವುದದ್ರಿ ಸಾಹೇಬ್ರ?" ಎಂದರು.

ಹಾಡಿದ್ದು ಖರೆ, ಊರು ಖರೆ, ಮಂದಿ ಏಳದೆ ಕೂತದ್ದು ಖರೆ, ಬರೆದವನ ಹೆಸರು ಮಾತ್ರ ಸುಳ್ಳು ಎಂದೆ.

"ಅಂದ್ರ ಸುಳ್ಳಿರೋದು ನಿಮ್ಮ ಹೆಸರಿನ್ಯಾಗ. ನನ್ನ ಹೆಸರಿನ್ಯಾಗ ಇಲ್ಲ."

ಇಲ್ಲ ಎಂದೆ. ಸುಮ್ಮನಿರಲಾರದೆ ಒಂದು ಮಾತು ಆಡಿಬಿಟ್ಟೆ. ಭಾನುವಾರದ ಪುರವಣಿಯಲ್ಲಿ ನಿಮ್ಮ ಬಗ್ಗೆ ಪೂರಾ ಪುಟ ಬರೆಯುತ್ತೇನೆ, ಫೋಟೊ ಹಾಕಿಸುತ್ತೇನೆ, ಹೆಸರು ದಪ್ಪಕ್ಷರದಲ್ಲಿ ಬರುವಂತೆ ನೋಡಿಕೊಳ್ಳುತ್ತೇನೆ ಎಂದೆ. ಅದು ಸಬೂತು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಹಳೆಯದಿರಬೇಕು, ಮೇಲಾಗಿ ಇನ್ನು ನೀವು ಅರ್ಜಿಯನ್ನೇ ಹಾಕುವಂತಿಲ್ಲ ಎಂದು ಹೇಳಬೇಕಾಯಿತು.

ಅವರು ಮೊರ ಕೆಳಗಿಟ್ಟು ನೇರವಾಗಿ ನನ್ನ ಮುಖ ನೋಡಿದರು.

"ಹಂಗಾದ್ರ ಅದು ನಿಮಗ ಬೇಕಾಗ್ಯಾದ, ನನಗಲ್ಲ. ಇಷ್ಟ ದಿನಾ ಮೇಳದಾಕಿ ಅಂತಿದ್ರು, ಈಗ ಸುಳ್ಳ ಕಾಗದದಾಕಿ ಅಂಬೋದೂ ಶುರು ಮಾಡ್ಯಾರ. ನನ್ನ ಹೆಸರು ಇನ್ನ ಎಲ್ಲೂ ಬರೀಬ್ಯಾಡ್ರಿ. ಬರ್ಯಾಂಗಿಲ್ಲ ಅಂತ ಮಾತು ಕೊಟ್ಟು ಹೋಗ್ರಿ."

ಮಾತು ಕೊಟ್ಟು ಬಂದೆ. ಈ ಬರಹದಲ್ಲಿಯೂ ಅವರ ಹೆಸರಿಲ್ಲ. ಇಷ್ಟು ವರ್ಷ ಅವರನ್ನು ಕೇಳದೆ ಬಿಟ್ಟಿದ್ದೆ. ಈಗ ಅವರು ಹೇಳಿದ್ದಕ್ಕೆ ಬಿಟ್ಟಿದ್ದೇನೆ.